ನಂದು ಆತು

ಮದುವೆಮನೆಯ ಪಂಕ್ತಿಯಲ್ಲಿ ನನ್ನ ಪಕ್ಕ ಕೂರುವುದೆಂದರೆ ನನ್ನ ಸೊಸೆಗೆ ನಾಚಿಕೆ. ಬಡಿಸುವ ಹುಡುಗ ಇನ್ನೂ ಆ ತುದಿಯಲ್ಲಿರುವಾಗಲೇ ನಾನು ಕೈಯೆತ್ತಿ, "ತಮ್ಮಾ, ಈ ಕಡೆ ಇನ್ನೊಂದು ಹೋಳಿಗೆ ತಾರಪ್ಪ, ಹಸಿವಾಗೈತೆ" ಎಂದು ಕೂಗುತ್ತೇನೆ. ಅವಳು ಮೇಜಿನ ಕೆಳಗೆ ನನ್ನ ತೊಡೆ ಚಿವುಟುತ್ತಾಳೆ. ಚಿವುಟಲಿ. ಮುದುಕಿಗೆ ಬಾಯಿಚಪಲ ಎಂದು ಬೀಗರು ಆಡಿಕೊಂಡರೆ ನನಗೇನು ಹೋಗಬೇಕು? ಈ "ಹಸಿವಾಗೈತೆ" ಎಂಬ ಮಾತು ನಮ್ಮ ತವರುಮನೆಯಲ್ಲಿ ಯಾರ ಬಾಯಿಂದಲೂ ಬರುವ ಹಾಗಿರಲಿಲ್ಲ. ಅದು ಬರುವಷ್ಟರಲ್ಲಿ ನಮ್ಮ ಗೌರಕ್ಕನ ಬಾಳಿನಲ್ಲಿ ಆಗಬಾರದ್ದು ಆಗಿಹೋಗಿತ್ತು. ಸೊಸೆಗೆ ಇದನ್ನು ನಾನು ಎಂದೂ ಹೇಳಿಲ್ಲ. ಬಾಯಲ್ಲಿ ಹೇಳುವುದು ನನ್ನಿಂದಾಗದು, ಅದಕ್ಕೇ ಬರೆಯುತ್ತಿದ್ದೇನೆ.

ದಾವಣಗೆರೆಯ ಹತ್ತಿ ಮಿಲ್ಲೊಂದರ ಹಿಂದಿದ್ದ ಸಾಲುಮನೆಗಳಲ್ಲಿ ಒಂದು ನಮ್ಮದು. ಮುಂದೊಂದು ಪಡಸಾಲೆ, ಹಿಂದೊಂದು ಅಡುಗೆಮನೆ, ಅಡುಗೆಮನೆಯ ಮೂಲೆಯಲ್ಲೇ ಬಚ್ಚಲು. ಮಿಲ್ಲಿನಿಂದ ಹಾರಿಬರುವ ಹತ್ತಿಯ ಧೂಳು ನೀರಿನ ಕೊಡದ ಮೇಲೂ ಕೂರುತ್ತಿತ್ತು, ನಮ್ಮ ಹುಬ್ಬಿನ ಮೇಲೂ ಕೂರುತ್ತಿತ್ತು. ಅಪ್ಪ ಅಲ್ಲಿ ನೂಲು ತೆಗೆಯುವ ಕೆಲಸದಲ್ಲಿದ್ದ. ಅವ್ವ ಮನೆಯಲ್ಲಿ. ಅವ್ವನ ಕೈಗೆ ಸಿಕ್ಕ ಯಾವ ಸಾಮಾನಿಗೂ ಸುಲಭವಾಗಿ ಮುಕ್ತಿ ಇರಲಿಲ್ಲ. ಬೆಂಕಿಕಡ್ಡಿಯನ್ನು ಅಪ್ಪನ ಹಳೇ ಬ್ಲೇಡಿನಿಂದ ಉದ್ದಕ್ಕೆ ಸೀಳಿ ಎರಡು ಮಾಡುವಳು. ಸವೆದ ಸೋಪಿನ ಚೂರನ್ನು ಹೊಸ ಸೋಪಿನ ಬೆನ್ನಿಗೆ ಒತ್ತಿ ಅಂಟಿಸುವಳು. ಕಿರಾಣಿ ಅಂಗಡಿಯ ಪೊಟ್ಟಣದ ದಾರ ಗೂಡಿನಲ್ಲಿ ಉಂಡೆಯಾಗಿ ಬೆಳೆಯುತ್ತಿತ್ತು, ಪೊಟ್ಟಣದ ಕಾಗದ ಚಾಪೆಯ ಕೆಳಗೆ ಇಸ್ತ್ರಿಯಾಗುತ್ತಿತ್ತು. ಎಣ್ಣೆ ಡಬ್ಬಿ ಖಾಲಿಯಾದ ದಿನ ಅದಕ್ಕೆ ಬಿಸಿನೀರು ಸುರಿದು, ಕುಲುಕಿ, ಸಾರಿಗೆ ಬಗ್ಗಿಸುವಳು. ಆವತ್ತು ಸಾರಿನ ಮೇಲೆ ಎಣ್ಣೆಯ ಬೊಟ್ಟುಗಳು ತೇಲುವುದನ್ನು ನೋಡಿ ನನಗೂ ಅಕ್ಕನಿಗೂ ಹಬ್ಬ. ಅಕ್ಕ ಬೆಳೆದಂತೆಲ್ಲ ಅವಳ ಲಂಗದ ಮಡಿಕೆ ಬಿಚ್ಚಿ ಉದ್ದ ಮಾಡುವುದು, ಅದು ನನಗೆ ಬಂದಾಗ ಅದೇ ಮಡಿಕೆಯನ್ನು ಮತ್ತೆ ಮೇಲಕ್ಕೆ ಹೊಲಿಯುವುದು. ಭಾನುವಾರ ಸಂಜೆ ಮಂಡಕ್ಕಿ ಒಗ್ಗರಣೆ ಮಾಡಿದರೆ ನೆಲಕ್ಕೆ ಬಿದ್ದ ಕಾಳನ್ನು ಬೆರಳು ಒದ್ದೆ ಮಾಡಿ ಅಂಟಿಸಿಕೊಂಡು ತಿನ್ನಬೇಕು. ಗುಡಿಸಿ ಹಾಕಿದರೆ ಬೆನ್ನಿಗೆ ಬೀಳುತ್ತಿತ್ತು.

ಅಪ್ಪ ಅವ್ವ ದಾವಣಗೆರೆಗೆ ಬರುವ ಮೊದಲು ಆನಗೋಡಿನಲ್ಲಿ ಅವರಿವರ ಹೊಲದಲ್ಲಿ ಕೂಲಿ ಮಾಡಿಕೊಂಡಿದ್ದರು. ಯುದ್ಧದ ಕಾಲವಂತೆ. ಕೈಯಲ್ಲಿ ಕಾಸಿದ್ದರೂ ಕಾಳು ಸಿಗದ ಕಾಲವಂತೆ. ಗೌರಕ್ಕನಿಗಿಂತ ಮೊದಲು ಒಬ್ಬ ಅಣ್ಣ ಇದ್ದನೆಂಬುದು ನನಗೆ ಗೊತ್ತಾಗಿದ್ದೇ ಅಕ್ಕನಿಂದ. ಜ್ವರ ಬಂದು, ಜ್ವರ ಬಿಟ್ಟು, ಜ್ವರ ಬಿಟ್ಟ ಮೇಲೆ ಹೊಟ್ಟೆಗೆ ಹಾಕಲು ಮನೆಯಲ್ಲಿ ಏನೂ ಇರದೆ ಆ ಕೂಸು ಹೋಯಿತು. ಕಡೆಗೆ ಅದರ ಬಾಯಲ್ಲಿ ಇದ್ದದ್ದು ಒಂದೇ ಮಾತು, "ಅವ್ವಾ, ಹಸಿವು." ಅದಾದ ಮೇಲೆ ಅವ್ವ ಆ ಮಾತನ್ನು ಮನೆಯ ಹೊಸಿಲು ದಾಟಗೊಡಲಿಲ್ಲ. ನಾನು ಶಾಲೆಯಿಂದ ಓಡಿಬಂದು ಅಪ್ಪಿತಪ್ಪಿ ಅಂದರೆ ಸಾಕು, ಹಿಟ್ಟಿನ ಕೈಯಲ್ಲೇ ನನ್ನ ಬಾಯಿ ಮುಚ್ಚುತ್ತಿದ್ದಳು.

"ಅದರ ಹೆಸರು ಹಿಡಿದು ಕರೀಬ್ಯಾಡ. ಕರೆದ್ರೆ ಬಂದು ಒಳಗೆ ಕೂಡ್ತದೆ."

"ಮತ್ತೆ ಏನನ್ಬೇಕವ್ವ?"

"ಹೊತ್ತಾತು ಅನ್ನು. ನಂಗೆ ತಿಳಿತದೆ."

ಹಾಗಾಗಿ ನಮ್ಮ ಮನೆಯಲ್ಲಿ ಯಾರಿಗೂ ಹಸಿವಾಗುತ್ತಿರಲಿಲ್ಲ, ಹೊತ್ತಾಗುತ್ತಿತ್ತು ಅಷ್ಟೆ. ಅಪ್ಪನ ಪಾಳಿ ಮುಗಿದು ಮಿಲ್ಲು ಕೂಗಿದ ಮೇಲೆ ಅವ್ವ ರೊಟ್ಟಿ ಬಡಿಯಲು ಕೂರುತ್ತಿದ್ದಳು. ಮೊದಲು ಅಪ್ಪನಿಗೆ, ಆಮೇಲೆ ನಮಗೆ. ಹಿಟ್ಟನ್ನು ಅವ್ವ ಅಳತೆ ಮಾಡುತ್ತಿದ್ದುದು ನಮ್ಮ ಮೂವರ ಹೊಟ್ಟೆಗೆ, ತನ್ನದನ್ನು ಬಿಟ್ಟು. ಬಡಿಸುತ್ತಿರುವಾಗ ಅಪ್ಪ ತಲೆಯೆತ್ತದೆ ಕೇಳುತ್ತಿದ್ದ, "ನಿಂದು?" ಅವ್ವ ತಲೆಯೆತ್ತದೆ ಹೇಳುತ್ತಿದ್ದಳು, "ನಂದು ಆತು." ಯಾವಾಗ ಆಯಿತು, ಎಲ್ಲಿ ಆಯಿತು, ಒಲೆಯ ಮುಂದಿಂದ ಎದ್ದೇ ಇಲ್ಲವಲ್ಲ ಎಂದು ಯಾರೂ ಕೇಳುವಂತಿಲ್ಲ. ಸ್ವಲ್ಪ ಹೊತ್ತಿಗೆ ಅಪ್ಪ ಕೊನೆಯ ರೊಟ್ಟಿಯನ್ನು ಅರ್ಧ ಮುರಿದು ಗಂಗಾಳದ ಅಂಚಿಗೆ ಸರಿಸಿ, "ಯಾಕೋ ಇವತ್ತು ಸೇರ್ಲಿಲ್ಲ" ಎಂದು ಎದ್ದುಬಿಡುತ್ತಿದ್ದ. ಆಗ ಅವ್ವನಿಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು. "ಪ್ರಸಾದ ಹಿಂಗೆ ಬಿಟ್ಟು ಏಳ್ತಾರೇನು? ಶಿವ ಮೆಚ್ತಾನೇನು?" ಎಂದು ಗೊಣಗುತ್ತ ಆ ಗಂಗಾಳವನ್ನೇ ಮುಂದಕ್ಕೆಳೆದುಕೊಂಡು, ಪಾಪ ಪರಿಹಾರ ಮಾಡುವವಳಂತೆ ಆ ಅರ್ಧ ರೊಟ್ಟಿಯನ್ನು ತಿಂದು ಮುಗಿಸುತ್ತಿದ್ದಳು. ಕಡೆಗೆ ಗಂಗಾಳ ತೊಳೆದ ನೀರನ್ನೂ ಕುಡಿಯುತ್ತಿದ್ದಳು. ನನ್ನ ಕಣ್ಣಿಗೆ ಅದು ದಿನವೂ ನಡೆಯುವ ಗಂಡ ಹೆಂಡಿರ ಜಗಳ. ಅಪ್ಪನದು ಸಣ್ಣ ಹೊಟ್ಟೆ, ಅವ್ವನದು ದೊಡ್ಡ ಬಾಯಿ ಎಂದುಕೊಂಡಿದ್ದೆ. ಅಕ್ಕ ದೊಡ್ಡವಳಾದ ಮೇಲೆ ಅವಳೂ ಒಲೆಯ ಪಕ್ಕ ಕೂತು "ನಂದು ಆತು" ಅನ್ನತೊಡಗಿದಳು. ಆಮೇಲೆ ಅಪ್ಪ ಬಿಡುವುದು ಇಡೀ ಒಂದು ರೊಟ್ಟಿಯಾಯಿತು.

ಗೌರಕ್ಕನನ್ನು ಹರಿಹರಕ್ಕೆ ಕೊಟ್ಟರು. ಹೊಳೆಯ ಹತ್ತಿರ ಮನೆ, ಗುತ್ತೂರಿನ ಕಡೆ ಹೊಲ, ಹಿತ್ತಲಲ್ಲಿ ಕರೆಯುವ ಎಮ್ಮೆ. ಸಿದ್ದೇಶ ಭಾವ ಒಬ್ಬನೇ ಮಗ, ಮಾತು ಕಮ್ಮಿ, ದುಡಿಮೆ ಹೆಚ್ಚು. ಅತ್ತೆ ಪಾರ್ವತವ್ವ ಗಂಡ ಹೋದ ಮೇಲೆ ಒಪ್ಪತ್ತು ಹಿಡಿದವರು, ಮಧ್ಯಾಹ್ನ ಒಂದು ಹೊತ್ತು ಉಂಡರೆ ಮುಗಿಯಿತು. ಹೆಣ್ಣು ಒಳ್ಳೆಯ ಕಡೆ ಬಿತ್ತು ಎಂದು ಸಾಲುಮನೆಯ ಹೆಂಗಸರೆಲ್ಲ ಅವ್ವನ ಅದೃಷ್ಟ ಹೊಗಳಿದರು. ಮದುವೆಯಾದ ಮೊದಲ ಯುಗಾದಿಗೆ ಪಾರ್ವತವ್ವ ನಮ್ಮ ಮನೆಗೆ ಬಂದವರು ಪಡಸಾಲೆಯಲ್ಲಿ ಕೂತು, ಅಕ್ಕಪಕ್ಕದವರಿಗೂ ಕೇಳುವಂತೆ ಹೇಳಿದರು.

"ಏನ್ ಮಗಳ್ನ ಹಡೆದೀರಿ ಬೀಗ್ತಿ! ನಾನು ಸೇರು ತುಂಬ ಹಿಟ್ಟು ತೆಗೆದುಕೊಟ್ರೆ, ಹೆಚ್ಚಾತ್ರಿ ಅತ್ತೆ ಅಂತ ಬೊಗಸೆ ಹಿಟ್ಟು ವಾಪಸ್ ಹಾಕ್ತಾಳೆ. ಆಕಿ ಬಂದ ಮ್ಯಾಲೆ ನಮ್ಮನ್ಯಾಗೆ ಹಿಟ್ಟು ಉಳಿಯಾಕ ಹತ್ತೈತೆ ನೋಡ್ರಿ."

ಅವ್ವ ಸೆರಗು ಸರಿಮಾಡಿಕೊಂಡಳು. ಅವಳ ಮುಖದಲ್ಲಿ ಅಂಥ ಹೆಮ್ಮೆಯನ್ನು ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಬೀಗ್ತಿಗೆ ಚಹಾ ಮಾಡುವಾಗ ಹೊಸ ಪುಡಿಯನ್ನೇ ಹಾಕಿದಳು.

ಆ ವರ್ಷದ ದಸರಾ ರಜೆಗೆ ನನ್ನನ್ನು ಹರಿಹರಕ್ಕೆ ಕಳಿಸಿದರು. ಅಕ್ಕ ಆಗ ಬಸುರಿ. ಹಿತ್ತಲ ಬಾಗಿಲಲ್ಲಿ ಅವಳನ್ನು ಕಂಡಾಗ ನನಗೆ ಗುರುತೇ ಹತ್ತಲಿಲ್ಲ. ಕೆನ್ನೆ ಒಳಗೆ ಹೋಗಿ, ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಬಸುರಿಯರು ಹೀಗೇ ಇರುತ್ತಾರೇನೋ ಅಂದುಕೊಂಡೆ. ರಾತ್ರಿಯ ಊಟಕ್ಕೆ ಭಾವನ ಜೊತೆ ನನ್ನನ್ನೂ ಕೂರಿಸಿದಳು. ನಾನು ನಮ್ಮ ಮನೆಯ ಆಟವೇ ಇಲ್ಲೂ ನಡೆಯುತ್ತದೆ ಎಂದು ನೋಡುತ್ತ ಕೂತಿದ್ದೆ. ಭಾವ ಕೇಳಿದ, "ನಿಂದು?" ಅಕ್ಕ ಹೇಳಿದಳು, "ನಂದು ಆತು." ಭಾವ ಹೂಂಗುಟ್ಟಿ, ಕೊನೆಯ ರೊಟ್ಟಿಯನ್ನೂ ಮುರಿದು ಪಲ್ಯದ ಜೊತೆ ತಿಂದು, ಗಂಗಾಳಕ್ಕೆ ನೀರು ಹಾಕಿ ಬೆರಳಿನಿಂದ ತಿರುವಿ, ಒಂದು ಅಗುಳೂ ಪೋಲಾಗದಂತೆ ಕುಡಿದು ಎದ್ದ. ಪ್ರಸಾದ ಕೆಡಿಸಬಾರದೆಂದು ತಾಯಿ ಚಿಕ್ಕಂದಿನಿಂದ ಕಲಿಸಿದ್ದರು, ಅವನು ತಪ್ಪದೆ ಪಾಲಿಸುತ್ತಿದ್ದ. ಆ ಗಂಗಾಳ ಬೆಳಗಿಟ್ಟಂತೆ ಹೊಳೆಯುತ್ತಿತ್ತು. ಅಕ್ಕ ಅದನ್ನು ತೆಗೆದುಕೊಂಡು ಅದರ ಖಾಲಿ ತಳವನ್ನೇ ನೋಡುತ್ತ ನಿಂತಿದ್ದಳು. ಒಳಕೋಣೆಯಿಂದ ಪಾರ್ವತವ್ವ ಕೂಗಿದರು, "ಗೌರಿ, ಉಂಡ್ಯೇನವ್ವ? ಹಾಲು ಐತೆ, ಕುಡಿ." ಅಕ್ಕ "ಆತ್ರಿ ಅತ್ತೆ" ಎಂದು, ಹಾಲನ್ನು ಹೆಪ್ಪಿಗೆ ಹಾಕಿದಳು. ಬುಟ್ಟಿಯ ತಳದಲ್ಲಿದ್ದ ರೊಟ್ಟಿಯ ಚೂರುಗಳನ್ನು ಸಾರಿನಲ್ಲಿ ನೆನೆಸಿ ಒಲೆಯ ಮುಂದೆ ಕೂತು ತಿಂದಳು. ದಿನವೂ ಹೀಗೇ.

ಊರಿಗೆ ಬಂದ ದಿನ ಊಟಕ್ಕೆ ಕೂತು ನಾನು ಹರಿಹರದ ಸುದ್ದಿಯನ್ನೆಲ್ಲ ಒದರುತ್ತಿದ್ದೆ. ಹೊಳೆ, ಎಮ್ಮೆ, ಬೆಣ್ಣೆ, ಗುಡಿ ಎಲ್ಲ ಆದ ಮೇಲೆ ಅದನ್ನೂ ಹೇಳಿದೆ.

"ಅಪ್ಪಾ, ಭಾವ ನಿನ್ನಂಗಲ್ಲ. ರೊಟ್ಟಿ ಎಲ್ಲಾ ಸೇರ್ತದೆ ಅವ್ರಿಗೆ. ಗಂಗಾಳ ತೊಳೆದು ಕುಡೀತಾರೆ, ಒಂದು ಚೂರೂ ಬಿಡಲ್ಲ."

ಅಪ್ಪನ ಕೈ ಬಾಯಿಯ ಹತ್ತಿರವೇ ನಿಂತಿತು. ಅವ್ವ ತವೆಯ ಮೇಲಿದ್ದ ರೊಟ್ಟಿಯನ್ನು ಮರೆತಳು, ಅದು ಸೀದು ಹೊಗೆ ಬಂತು. ಅವ್ವನ ಒಲೆಯ ಮೇಲೆ ರೊಟ್ಟಿ ಸೀದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಗೌರಿ ಏನಂತಾಳೆ?" ಎಂದು ಅವ್ವ ನನ್ನನ್ನು ಕೇಳಿದಳು.

"ನಂದು ಆತು ಅಂತಾಳೆ."

"ಆಮ್ಯಾಲೆ?"

"ಆಮ್ಯಾಲೆ ಏನಿಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಲಗುವ ಮೊದಲು ಪಡಸಾಲೆಯಲ್ಲಿ ಅವರ ಗುಸುಗುಸು ನಡೆಯಿತು. ಯಾರಾದರೂ ಹೋಗಿ ಹೇಳಬೇಕು, ಹೇಳದಿದ್ದರೆ ಹುಡುಗಿಯೂ ಉಳಿಯುವುದಿಲ್ಲ, ಹೊಟ್ಟೆಯಲ್ಲಿರುವುದೂ ಉಳಿಯುವುದಿಲ್ಲ ಎಂದು ಅಪ್ಪ. "ಏನಂತ ಹೇಳ್ತೀರಿ? ನಿಮ್ಮನ್ಯಾಗೆ ನಮ್ಮ ಮಗಳಿಗೆ ಉಣ್ಣಾಕ ಹಾಕಲ್ಲ ಅಂತ ಹೇಳ್ತೀರಾ? ಅಷ್ಟು ಒಳ್ಳೆ ಮಂದಿಗೆ? ಇಲ್ಲಾ, ನಮ್ಮನ್ಯಾಗೆ ನಾವು ಹಿಂಗೆ ಕದ್ದು ಉಣ್ತಿದ್ವಿ ಅಂತ ಹೇಳ್ತೀರಾ?" ಎಂದು ಅವ್ವ. ಅಪ್ಪ ವಾರದ ರಜೆಯ ದಿನ ಅಂಗಿ ತೊಟ್ಟು, ನನ್ನ ಕೈ ಹಿಡಿದು ರೈಲು ಹತ್ತಿದ.

ಅಪ್ಪನ ಬಾಯಿಗೆ ದಾರಿಯುದ್ದಕ್ಕೂ ಆ ಮಾತು ಬಂದು ಬಂದು ಹಿಂದಕ್ಕೆ ಹೋಗುತ್ತಿತ್ತೆಂದು ಈಗ ತೋರುತ್ತದೆ. ಆಗ ನನಗೆ ಕಂಡದ್ದು ಅವನ ತುಟಿ ಅಲುಗುತ್ತಿದ್ದುದಷ್ಟೆ. ಹರಿಹರದಲ್ಲಿ ಪಾರ್ವತವ್ವ ಬಾಗಿಲಿಗೇ ಬಂದು, "ಬರ್ರಿ ಬೀಗ್ರೆ, ಕೂಡ್ರಿ, ಕಾಲಿಗೆ ನೀರು ತಗೊಳ್ರಿ" ಎಂದು ಉಪಚಾರ ಮಾಡಿದರು. ಅಪ್ಪ ಅಕ್ಕನನ್ನು ಹಿತ್ತಲಲ್ಲಿ ಕಂಡು, "ಸರಿಯಾಗಿ ಉಣ್ತಿಯೇನವ್ವ?" ಎಂದ. "ಉಣ್ತೀನಪ್ಪ, ನಂಗೇನಾಗೈತೆ" ಎಂದಳು ಅಕ್ಕ. ಅಷ್ಟಕ್ಕೇ ಅವರ ಮಾತು ಮುಗಿಯಿತು. ಊಟಕ್ಕೆ ಅಪ್ಪನನ್ನೂ ಭಾವನನ್ನೂ ಜೋಡಿ ಮಣೆ ಹಾಕಿ ಕೂರಿಸಿದರು. ಬಿಸಿ ರೊಟ್ಟಿ, ಎಣ್ಣೆಗಾಯಿ, ಬೆಣ್ಣೆಯ ಮುದ್ದೆ. ಅಪ್ಪ ಭಾವನ ಕಡೆ ತಿರುಗಿ, "ಅಳಿಯಂದ್ರೆ…" ಎಂದ. ಭಾವ ಕೈ ನಿಲ್ಲಿಸಿ ವಿನಯದಿಂದ ನೋಡಿದ. ಅಪ್ಪ ಮಿಲ್ಲಿನ ಸುದ್ದಿ ಏನೋ ಹೇಳಿದ. ಆಮೇಲೆ ಬಾಯಲ್ಲಿ ಹೇಳಲಾಗದ್ದನ್ನು ಕೈಯಲ್ಲಿ ಹೇಳಿದ. ಬೀಗರ ಮನೆಯಲ್ಲಿ, ಎಲ್ಲರ ಎದುರಿಗೆ, ಕೊನೆಯ ರೊಟ್ಟಿಯನ್ನು ಅರ್ಧ ಮುರಿದು ಗಂಗಾಳದ ಅಂಚಿಗೆ ಸರಿಸಿ, ಭಾವನನ್ನೇ ನೋಡುತ್ತ ಅಂದ, "ಯಾಕೋ ಸೇರ್ಲಿಲ್ಲ."

ಭಾವನಿಗೆ ಅದು ಯಾವ ಭಾಷೆಯೂ ಆಗಿರಲಿಲ್ಲ. ಪಾರ್ವತವ್ವನ ಮುಖ ಸಣ್ಣದಾಯಿತು. "ಯಾಕ್ರಿ ಬೀಗ್ರೆ, ರುಚಿ ಆಗ್ಲಿಲ್ಲೇನು? ಉಪ್ಪು ಹೆಚ್ಚಾತೇನು?" ಎಂದು ಒಂದೇ ಸಮನೆ ಕೇಳಿದರು. ಅಕ್ಕ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತು ಆ ಅರ್ಧ ರೊಟ್ಟಿಯನ್ನೇ ನೋಡುತ್ತಿದ್ದಳು. ಅವಳ ಕಣ್ಣು ತುಂಬಿತ್ತು. ಅಪ್ಪ ಕೈ ತೊಳೆಯಲು ಎದ್ದ ಕೂಡಲೇ ಬಂದು ಗಂಗಾಳಕ್ಕೆ ಕೈ ಹಾಕಿದಳು. ಪಾರ್ವತವ್ವ ಅವಳ ಕೈಯಿಂದ ಅದನ್ನು ಮೆತ್ತಗೆ ಬಿಡಿಸಿಕೊಂಡರು.

"ಬಿಡವ್ವ, ಬಸುರಿ ಹೆಂಗ್ಸು ಎಂಜಲು ಮುಟ್ಟಬ್ಯಾಡ. ಎಮ್ಮಿಗೆ ಹಾಕ್ತೀನಿ."

ಅಯ್ಯೋ, ಎಂಥ ಒಳ್ಳೆಯ ಮನಸ್ಸಿನಿಂದ ಹೇಳಿದರು ಆ ತಾಯಿ! ಅಪ್ಪ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತು, ತಾನು ಬಿಟ್ಟ ಅರ್ಧ ರೊಟ್ಟಿಯನ್ನು ಎಮ್ಮೆ ತಿನ್ನುವುದನ್ನು ನೋಡಿದ. ವಾಪಸ್ಸು ಬಂದ ಮೇಲೆ ಮನೆಯಲ್ಲಿ ಅವ್ವ ಕೇಳಿದ್ದಕ್ಕೆ ಇಲ್ಲವೆಂದು ತಲೆ ಅಲ್ಲಾಡಿಸಿದ. ಅವ್ವ ತನಗೆ ತಾನೇ ಸಮಾಧಾನ ಹೇಳಿಕೊಂಡಳು: ಸೀಮಂತದ ಕುಬುಸ ಮಾಡಿ ಹುಡುಗಿಯನ್ನು ಬಾಣಂತನಕ್ಕೆ ಕರೆತಂದರಾಯಿತು, ಇಲ್ಲಿಗೆ ಬಂದರೆ ಎಲ್ಲ ಸರಿಹೋಗುತ್ತದೆ. ಕುಬುಸಕ್ಕೆ ಹಸಿರು ಸೀರೆಯನ್ನೂ ತಂದಿಟ್ಟಳು.

ಆ ಸೀರೆ ಉಡುವ ಭಾಗ್ಯ ಅಕ್ಕನಿಗೆ ಬರಲಿಲ್ಲ. ದಿನ ತುಂಬುವ ಎಷ್ಟೋ ಮೊದಲೇ ನೋವು ಬಂತು. ಹರಿಹರದ ದವಾಖಾನೆಯಲ್ಲಿ ಗಂಡು ಕೂಸು ಹುಟ್ಟಿ, ಒಂದು ಹಗಲು ಉಸಿರಾಡಿ, ಹೋಯಿತು. ನಾವು ಹೋದಾಗ ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹುಡುಗಿಯ ಮೈಯಲ್ಲಿ ರಕ್ತವೇ ಇಲ್ಲ, ಇವಳಿಗೆ ಊಟ ಹಾಕುತ್ತಿದ್ದಿರೋ ಇಲ್ಲವೋ ಎಂದು ಡಾಕ್ಟರಮ್ಮ ಪಾರ್ವತವ್ವನಿಗೆ ಬೈದಿದ್ದರಂತೆ. ಪಾರ್ವತವ್ವ ಅವ್ವನನ್ನು ಕಂಡದ್ದೇ ವರಾಂಡದಲ್ಲಿ ಕುಸಿದು ಕೂತರು.

"ದಿನಾ ಕೇಳ್ತಿದ್ದೆ ಬೀಗ್ತಿ, ದಿನಾ ಕೇಳ್ತಿದ್ದೆ. ಉಂಡ್ಯೇನವ್ವ ಅಂದಾಗೆಲ್ಲ ನಂದು ಆತು ಅಂತಿದ್ಲು. ನನ್ನ ಮನ್ಯಾಗೆ ಏನು ಕಮ್ಮಿ ಇತ್ತು ಹೇಳ್ರಿ?"

ಅವ್ವ ಅವರ ಪಕ್ಕ ಕೂತಳು. ಅವಳು ಅಳುತ್ತಿರಲಿಲ್ಲ.

"ನಿಮ್ದೇನೂ ತಪ್ಪಿಲ್ರಿ. ಆತು ಅಂದ್ರೆ ನಮ್ಮನ್ಯಾಗೆ ಆಗಿಲ್ಲ ಅಂತ. ಅದನ್ನ ಕೇಳ್ದೋರು ಅರ್ಧ ರೊಟ್ಟಿ ಬಿಡ್ಬೇಕು, ಬಿಟ್ಟಿದ್ದು ನಾವು ಉಣ್ಬೇಕು. ಹಂಗೆ ಬದುಕಿದೋರು ನಾವು. ಆಕಿಗೆ ನಾನೇ ಕಲಿಸಿದ್ದು. ನಿಮಗೆ ಯಾರೂ ಹೇಳ್ಲಿಲ್ಲ."

ಪಾರ್ವತವ್ವ ಬಾಯಿಗೆ ಸೆರಗು ಒತ್ತಿಕೊಂಡರು. ಕಂಬಕ್ಕೆ ಒರಗಿ ನಿಂತಿದ್ದ ಭಾವ ಅದನ್ನೆಲ್ಲ ಕೇಳಿಸಿಕೊಂಡು ಹೊರಗೆ ಹೋದವನು ಬಹಳ ಹೊತ್ತು ಒಳಗೆ ಬರಲಿಲ್ಲ.

ಅಕ್ಕನನ್ನು ದಾವಣಗೆರೆಗೆ ಕರೆತಂದೆವು. ಕುಡಿಯುವ ಕೂಸಿಲ್ಲದೆ ಅವಳ ಎದೆಹಾಲು ಸೋರಿ ಕುಪ್ಪಸ ಒದ್ದೆಯಾಗುತ್ತಿದ್ದ ದಿನಗಳವು. ಅವ್ವ ಬಾಯಿಗೆ ಇಟ್ಟರೆ ತಿನ್ನುವಳು, ಇಡದಿದ್ದರೆ ಇಲ್ಲ. ಹೀಗಿರುವಾಗ ಒಂದು ಭಾನುವಾರ ಮಧ್ಯಾಹ್ನ ಭಾವ ಬಂದ. ಗಡ್ಡ ಬಿಟ್ಟಿದ್ದ. ಅವ್ವ ರೊಟ್ಟಿ ಬಡಿದು ಅಪ್ಪನಿಗೂ ಅವನಿಗೂ ನನಗೂ ಹಾಕಿದಳು. ಅಕ್ಕ ಬಾಗಿಲ ಮರೆಯಲ್ಲಿದ್ದಳು. ಭಾವ ಆ ಕಡೆ ತಿರುಗಿ, "ನಿಂದು?" ಎಂದ. ಒಳಗಿನಿಂದ ಬಂದದ್ದು ಅದೇ ಉತ್ತರ. ಆಗ ಭಾವ, ಹುಟ್ಟಿದಾಗಿನಿಂದ ಗಂಗಾಳದಲ್ಲಿ ಅಗುಳು ಬಿಡದವನು, ರೊಟ್ಟಿಯನ್ನು ಅರ್ಧ ಮುರಿದು ಅಂಚಿಗೆ ಸರಿಸಿದ.

"ಯಾಕೋ… ಸೇರ್ಲಿಲ್ರಿ."

ನಾವೆಲ್ಲ ಆ ಅರ್ಧ ರೊಟ್ಟಿಯನ್ನು ನೋಡಿದೆವು. ಅಪ್ಪ ತನ್ನ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟ.

"ಬ್ಯಾಡ್ರಿ ಅಳಿಯಂದ್ರೆ. ಅದೊಂದು ಕಲೀಬ್ಯಾಡ್ರಿ. ಸೇರ್ಲಿಲ್ಲ ಅಂತ ನಾ ಬಿಟ್ಟಿದ್ದೆಲ್ಲ ಸುಳ್ಳು. ನನಗೂ ಹಸಿವಿರ್ತಿತ್ತು. ಪಾಳಿ ಮುಗಿಸಿ ಬಂದೋನಿಗೆ ಹಸಿವಿರಲ್ಲೇನ್ರಿ?"

ದೊಡ್ಡವರ ಬಾಯಿಂದ ಆ ಮಾತು ನಮ್ಮ ಮನೆಯಲ್ಲಿ ಕೇಳಿಸಿದ್ದು ಅದೇ ಮೊದಲು. ನಾನು ಬೆಚ್ಚಿ ಅವ್ವನ ಕಡೆ ನೋಡಿದೆ. ಅವ್ವ ಒಲೆಯ ಕಡೆಯಿಂದ ತಿರುಗದೆ ಹೇಳಿದಳು.

"ಗೊತ್ತಿತ್ತು."

ಅಪ್ಪ ಅವಳ ಬೆನ್ನನ್ನೇ ನೋಡುತ್ತ ಕೂತ. ಸಣ್ಣ ಹೊಟ್ಟೆಯ ಅಪ್ಪ, ದೊಡ್ಡ ಬಾಯಿಯ ಅವ್ವ ಎಂದು ನಾನು ನಗುತ್ತಿದ್ದ ಆ ದಿನದಿನದ ಜಗಳವೆಲ್ಲ ಇದೇನಾ ಎಂದು ಅಳು ಉಕ್ಕಿಬಂತು. ಅಪ್ಪ, "ಉಣ್ರಿ ಅಳಿಯಂದ್ರೆ, ನಿಮ್ದು ನೀವು ಉಣ್ರಿ" ಎಂದ. ಆಮೇಲೆ ಬಾಗಿಲ ಕಡೆ ತಿರುಗಿದ.

"ಗೌರಿ, ಗಂಗಾಳ ತಗೊಂಡು ಬಾ. ಇಲ್ಲೇ ನನ್ನ ಪಕ್ಕ ಕೂಡು."

ಅಕ್ಕ ಬಂದಳು. "ನಂದು…" ಎಂದು ಬಾಯಿ ತೆರೆದವಳು ಅಲ್ಲಿಗೇ ನಿಲ್ಲಿಸಿದಳು. ಅಪ್ಪನ ಮುಖ ನೋಡಿದಳು, ಭಾವನ ಮುಖ ನೋಡಿದಳು.

"ಅವ್ವಾ, ಹಸಿವಾಗೈತೆ."

ಅವ್ವನ ಹಿಟ್ಟಿನ ಕೈ ಅಭ್ಯಾಸಬಲದಿಂದ ಅಕ್ಕನ ಬಾಯಿ ಮುಚ್ಚಲು ಮೇಲೆದ್ದಿತು, ಅರ್ಧಕ್ಕೇ ನಿಂತು ಕೆಳಗಿಳಿಯಿತು. ಬುಟ್ಟಿಯಲ್ಲಿದ್ದ ರೊಟ್ಟಿಯನ್ನು ತೆಗೆದು ಅಕ್ಕನಿಗೆ ಹಾಕಿದಳು. ಅದು ಮುಗಿದ ಮೇಲೆ "ಇನ್ನೊಂದು ಹಾಕ್ಲೇನವ್ವ?" ಎಂದಳು. "ಹಾಕು" ಎಂದಳು ಅಕ್ಕ. ಕಣ್ಣೀರು ಗಂಗಾಳಕ್ಕೆ ಬೀಳುತ್ತಿದ್ದರೂ ಕೈ ನಿಲ್ಲಿಸಲಿಲ್ಲ. ಕೂಸು ಹೊಟ್ಟೆಯಲ್ಲಿದ್ದಾಗ ಉಣ್ಣಬೇಕಾಗಿದ್ದ ಊಟವನ್ನು ಆ ಮಧ್ಯಾಹ್ನ ತನ್ನೊಬ್ಬಳಿಗಾಗಿ ಉಂಡಳು. ಅಪ್ಪನೂ ಉಂಡ, ಭಾವನೂ ಉಂಡ, ನಾನೂ ಉಂಡೆ. ಬುಟ್ಟಿ ಖಾಲಿಯಾಯಿತು, ಹಿಟ್ಟಿನ ಪರಾತವೂ ಖಾಲಿಯಾಯಿತು. ಅವ್ವ ಪರಾತಕ್ಕೆ ನೀರು ಹಾಕಿ, ಅಂಚಿಗೆ ಹತ್ತಿದ್ದ ಹಿಟ್ಟನ್ನು ಬೆರಳಿನಿಂದ ಉಜ್ಜಿ ತೆಗೆಯುತ್ತ ಕೂತಿದ್ದಳು.

"ಅವ್ವಾ, ನಿಂದು?" ಎಂದು ನಾನು ಕೇಳಿದೆ.

"ನಂದು ಆತು" ಎಂದಳು ಅವ್ವ.

ಈ ಸಲ ಯಾರ ಗಂಗಾಳದಲ್ಲೂ ಏನೂ ಉಳಿದಿರಲಿಲ್ಲ.